ಮೂವತ್ತು ವರ್ಷದ ಆಯ್ಕೆ, ಎರಡು ವರ್ಷದ ಭರವಸೆ

ಅಮೆರಿಕದ ವೈದ್ಯ ವಿದ್ಯಾರ್ಥಿಯ ಸಾಲ, ಸ್ಪೆಷಾಲಿಟಿ ಮತ್ತು ಆರೋಗ್ಯ ಸುಧಾರಣೆ: ದತ್ತಿ ಉಪನ್ಯಾಸದ ಪಠ್ಯ

ಅಮೆರಿಕದ ಸರ್ಜನ್ ಜನರಲ್ ಆಗಿ ಎರಡು ಬಾರಿ ಕೆಲಸ ಮಾಡಿದ ಡಾ. ವಿವೇಕ್ ಮೂರ್ತಿ ಅವರ ಹಿರೀಕರ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಇಂಗ್ಲೆಂಡ್, ಕೆನಡಾ ದಾಟಿ ಅಮೆರಿಕಕ್ಕೆ ಬಂದ ಕುಟುಂಬ ಮಯಾಮಿಯಲ್ಲಿ ಕ್ಲಿನಿಕ್ ತೆರೆಯಿತು. ತಂದೆ ರೋಗಿಗಳನ್ನು ನೋಡಿದರೆ ತಾಯಿ ಕ್ಲಿನಿಕ್ಕಿನ ವ್ಯವಹಾರ ನೋಡಿಕೊಂಡರು. ಮಗ ಯೇಲ್ ವಿಶ್ವವಿದ್ಯಾಲಯದಲ್ಲಿ ಎಂಡಿ ಜೊತೆಗೆ ಎಂಬಿಎ ಕೂಡ ಮುಗಿಸಿ ಬಾಸ್ಟನ್ನಿನಲ್ಲಿ ಇಂಟರ್ನಲ್ ಮೆಡಿಸಿನ್ ಆರಿಸಿಕೊಂಡರು. 2008ರಲ್ಲಿ ಆರೋಗ್ಯ ಸುಧಾರಣೆಯ ಪರ ವೈದ್ಯರನ್ನು ಒಟ್ಟುಗೂಡಿಸಿದರು. ಆ ಗುಂಪೇ ಮುಂದೆ ‘ಡಾಕ್ಟರ್ಸ್ ಫಾರ್ ಅಮೆರಿಕ’ ಆಯಿತು. ಸರ್ಜನ್ ಜನರಲ್ ಆಗಿ ಅವರು 2022ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾ ಪತ್ರದ ವಿಷಯ, ವೈದ್ಯರೂ ನರ್ಸುಗಳೂ ಕೆಲಸದ ಭಾರಕ್ಕೆ ಸೋತು ಹಣ್ಣಾಗುತ್ತಿರುವುದು.

ಮೂರ್ತಿಯವರ ಬದುಕಿನಲ್ಲಿ ಕೂಡಿಕೊಂಡ ವಿಭಾಗದ ಆಯ್ಕೆ ಮತ್ತು ಸುಧಾರಣೆ ಅಲ್ಲಿನ ಪ್ರತಿ ವೈದ್ಯ ವಿದ್ಯಾರ್ಥಿಯ ಪ್ರಶ್ನೆಯೂ ಹೌದು. ಯಾವ ವಿಭಾಗ ಹಿಡಿಯಬೇಕು, ತಲೆಯ ಮೇಲಿನ ಸಾಲ ಹೇಗೆ ತೀರುತ್ತದೆ, ಸರ್ಕಾರ ನಾಳೆ ಏನನ್ನು ಬದಲಿಸುತ್ತದೆ: ಈ ಮೂರನ್ನೂ ಒಂದೇ ಸಲಕ್ಕೆ ತೂಗಿ ನೋಡಬೇಕಾದ ಹೊತ್ತು ಅಮೆರಿಕದ ವೈದ್ಯ ವಿದ್ಯಾರ್ಥಿಗೆ ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿಗೆ ಬರುತ್ತದೆ. ಅಲ್ಲಿ ಫ್ಯಾಮಿಲಿ ಡಾಕ್ಟರುಗಳು, ಮಕ್ಕಳ ಡಾಕ್ಟರುಗಳು ಸಾಲುತ್ತಿಲ್ಲ ಎಂಬ ಮಾತೆದ್ದಾಗಲೆಲ್ಲ ಬೊಟ್ಟು ತಿರುಗುವುದು ವಿದ್ಯಾರ್ಥಿ ಸಾಲದ ಕಡೆಗೆ. ಸಾಲದ ಪಾಲು ಇದೆ, ಇಲ್ಲವೆನ್ನಲಾಗದು. ಆದರೆ ಕಳೆದ ಮೂವತ್ತು ವರ್ಷಗಳ ದಾಖಲೆ ತೆರೆದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಸುಧಾರಣೆಗಳು ಎರಡು ವರ್ಷ, ಐದು ವರ್ಷದ ಅವಧಿಗೆ ಬಂದು ಹೋಗಿವೆ. ವಿದ್ಯಾರ್ಥಿ ಆಯ್ದುಕೊಳ್ಳುವುದು ಮೂವತ್ತು, ಮೂವತ್ತೈದು ವರ್ಷದ ಕೆಲಸವನ್ನು. ಈ ಅವಧಿಗಳು ಒಂದಕ್ಕೊಂದು ಹೊಂದದಿರುವುದೇ ರೋಗದ ಮೂಲ ಎಂಬುದು ಈ ಉಪನ್ಯಾಸದ ವಾದ.

ಬಡ್ಡಿಯ ಲೆಕ್ಕ

ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೇರ ಮೆಡಿಕಲ್ ಸೇರುವ ದಾರಿ ಸಾಮಾನ್ಯವಾಗಿ ಇಲ್ಲ. ಮೊದಲು ನಾಲ್ಕು ವರ್ಷದ ಪದವಿ, ಮೇಲೆ ನಾಲ್ಕು ವರ್ಷದ ಮೆಡಿಕಲ್ ಕಾಲೇಜು, ಅದಾದ ಮೇಲೆ ರೆಸಿಡೆನ್ಸಿ, ಅಂದರೆ ನಮ್ಮ ಪಿಜಿ. ಅಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಎಎಎಂಸಿಯ ಲೆಕ್ಕದಲ್ಲಿ, ಪದವಿ ಪಡೆದು ಹೊರಬರುವ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿ ಸಾಲಗಾರರು. ಸಾಲವಿದ್ದವರ ಪೈಕಿ ಅರ್ಧದಷ್ಟು ಜನರ ಮೊತ್ತ ಸುಮಾರು 2 ಲಕ್ಷ ಡಾಲರನ್ನು ಮೀರುತ್ತದೆ.

2024-25ರಲ್ಲಿ ವೃತ್ತಿಪರ ಕೋರ್ಸಿನವರಿಗೆ ಕೇಂದ್ರ ಸರ್ಕಾರ ಕೊಟ್ಟ ನೇರ ಸಾಲದ ಬಡ್ಡಿ ಶೇ 8.08, ಅದರ ಮೇಲಿನ ‘ಗ್ರ್ಯಾಡ್ ಪ್ಲಸ್’ ಸಾಲದ ಬಡ್ಡಿ ಶೇ 9.08. ಶೇ 8ರಂತೆ ಸರಳ ಬಡ್ಡಿ ಹಿಡಿದರೂ 2 ಲಕ್ಷಕ್ಕೆ ವರ್ಷಕ್ಕೆ 16 ಸಾವಿರ ಡಾಲರ್. ರೆಸಿಡೆಂಟ್ ವೈದ್ಯರ ಸಂಬಳ ತೆರಿಗೆಗೆ ಮುಂಚೆ 65 ಸಾವಿರದ ಆಚೀಚೆ. ಮನೆ ಬಾಡಿಗೆ, ಕಾರು, ಊಟ ಕಳೆದು ಅಸಲು ತೀರಿಸುವ ಮಾತು ಹಾಗಿರಲಿ, ಬಡ್ಡಿ ಮುಟ್ಟಿಸುವುದೇ ಕಷ್ಟ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್ ಮೂರು ವರ್ಷದವು, ಜನರಲ್ ಸರ್ಜರಿ, ಆರ್ಥೋ ಐದು, ನ್ಯೂರೋಸರ್ಜರಿ ಏಳು. ಏನೂ ಕಟ್ಟದೆ ಬಿಟ್ಟರೆ ಮೂರು ವರ್ಷಕ್ಕೆ 48 ಸಾವಿರ, ಏಳು ವರ್ಷಕ್ಕೆ 1 ಲಕ್ಷ 12 ಸಾವಿರ ಬಡ್ಡಿ ಬೆಳೆದಿರುತ್ತದೆ.

ಇದನ್ನು ನೋಡಿದರೆ ಸಾಲವಿದ್ದವರೆಲ್ಲ ಮೂರು ವರ್ಷದ ಕೋರ್ಸಿಗೇ ಓಡಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಫ್ಯಾಮಿಲಿ ಡಾಕ್ಟರ ವರ್ಷದ ಗಳಿಕೆ ಎರಡೂವರೆಯಿಂದ ಮೂರು ಲಕ್ಷ ಡಾಲರ್ ಇದ್ದರೆ ಆರ್ಥೋ ಸರ್ಜನ್ನರದು ಐದು ಲಕ್ಷ ದಾಟುತ್ತದೆ. ಹೆಚ್ಚಾದ ಬಡ್ಡಿಯನ್ನು ಆ ವ್ಯತ್ಯಾಸ ಒಂದೇ ವರ್ಷದಲ್ಲಿ ನುಂಗಿ ಹಾಕುತ್ತದೆ. ವಿದ್ಯಾರ್ಥಿಗಳ ಬಾಯಲ್ಲಿ ‘ರೋಡ್’ ಎಂಬ ಜಾಣ ಸಂಕ್ಷೇಪವೊಂದಿದೆ: ರೇಡಿಯಾಲಜಿ, ಆಪ್ತಾಲ್ಮಾಲಜಿ, ಅನೆಸ್ತೀಷಿಯಾಲಜಿ, ಡರ್ಮಟಾಲಜಿ. ಸಂಬಳವೂ ಚೆನ್ನ, ರಾತ್ರಿ ನಿದ್ದೆಯೂ ತಕ್ಕಮಟ್ಟಿಗೆ ಉಂಟು ಎಂಬುದು ಅದರ ಅರ್ಥ.

ಪದವಿ ಮುಗಿಸುವವರಿಗೆ ಎಎಎಂಸಿ ಪ್ರತಿ ವರ್ಷ ಒಂದು ಪ್ರಶ್ನಾವಳಿ ಕೊಡುತ್ತದೆ. ವಿಭಾಗ ಆರಿಸಿಕೊಳ್ಳಲು ಕಾರಣವೇನು ಎಂದರೆ ಮೊದಲ ಸ್ಥಾನಕ್ಕೆ ಬರುವುದು ತಮ್ಮ ಸ್ವಭಾವಕ್ಕೆ, ಆಸಕ್ತಿಗೆ ಒಗ್ಗುವ ಕೆಲಸ ಎಂಬ ಉತ್ತರ. ಸಾಲ ನಮ್ಮ ಆಯ್ಕೆಯ ಮೇಲೆ ಪ್ರಭಾವ ಬೀರಲಿಲ್ಲ ಎನ್ನುವವರೂ ಬಹಳ. ಇದು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಸಾಲವೊಂದನ್ನೇ ನೋಡಿ ಯಾರೂ ಆಯ್ಕೆ ಮಾಡುವುದಿಲ್ಲ. ಆದರೆ ಎರಡು ವಿಭಾಗ ಸಮನಾಗಿ ಹಿಡಿಸಿದಾಗ ತಕ್ಕಡಿ ಯಾವ ಕಡೆ ವಾಲಬೇಕೆಂಬುದನ್ನು ಸಾಲದ ಪತ್ರ ಹೇಳುತ್ತದೆ.

ಸಾಲಮನ್ನಾದ ಕತೆ ಇನ್ನೂ ವಿಚಿತ್ರ. 2007ರ ಕಾನೂನಿನಂತೆ, ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ದುಡಿಯುತ್ತ ಆದಾಯಕ್ಕೆ ತಕ್ಕಷ್ಟು 120 ಕಂತು ಕಟ್ಟಿದವರ ಉಳಿದ ಸಾಲ ಮನ್ನಾ. ಅಮೆರಿಕದ ಬೋಧನಾ ಆಸ್ಪತ್ರೆಗಳಲ್ಲಿ ಹೆಚ್ಚಿನವು ಲಾಭರಹಿತ ಸಂಸ್ಥೆಗಳೇ ಆದ್ದರಿಂದ ರೆಸಿಡೆನ್ಸಿಯ ಕಂತುಗಳೂ ಎಣಿಕೆಗೆ ಬರುತ್ತವೆ. ಏಳು ವರ್ಷ ನ್ಯೂರೋಸರ್ಜರಿ ಕಲಿಯುವಾತ ಸಣ್ಣ ಸಂಬಳದ ಮೇಲೆ ಸಣ್ಣ ಕಂತು ಕಟ್ಟಿ 84 ಕಂತು ಮುಗಿಸಿರುತ್ತಾನೆ. ಅಂಥದೇ ಆಸ್ಪತ್ರೆಯಲ್ಲಿ ಇನ್ನು ಮೂರೇ ವರ್ಷ ದುಡಿದರೆ ಅವನ ದೊಡ್ಡ ಸಾಲ ಮನ್ನಾ. ಮೂರು ವರ್ಷದಲ್ಲಿ ಕಲಿಕೆ ಮುಗಿಸಿದ ಫ್ಯಾಮಿಲಿ ಡಾಕ್ಟರು ಊರಲ್ಲಿ ಸ್ವಂತ ಕ್ಲಿನಿಕ್ ಹಾಕಿದರೆ ಅವರಿಗೆ ಚಿಕ್ಕಾಸೂ ಇಲ್ಲ. ಸಾರ್ವಜನಿಕ ಸೇವೆಗೆಂದು ಬರೆದ ಕಾನೂನು ದೀರ್ಘ ತರಬೇತಿಯ, ದೊಡ್ಡ ಗಳಿಕೆಯ ವಿಭಾಗಗಳಿಗೇ ಹೆಚ್ಚು ಒದಗಿ ಬಂತು. 2017ರಲ್ಲಿ ಮೊದಲ ಅರ್ಹರು ಅರ್ಜಿ ಹಾಕಿದಾಗ ಆರಂಭದಲ್ಲಿ ಸುಮಾರು ಶೇ 99ರಷ್ಟು ಅರ್ಜಿಗಳು ತಿರಸ್ಕೃತವಾದದ್ದು ಬೇರೆಯೇ ಪ್ರಹಸನ.

ದರಪಟ್ಟಿ ಬರೆದವರು

ಐದು ಲಕ್ಷ, ಎರಡೂವರೆ ಲಕ್ಷ ಎಂಬ ವ್ಯತ್ಯಾಸ ಆಕಾಶದಿಂದ ಇಳಿದದ್ದಲ್ಲ. ಅದಕ್ಕೊಂದು ದರಪಟ್ಟಿ ಇದೆ. 1980ರ ದಶಕದಲ್ಲಿ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ವಿಲಿಯಂ ಶಾವ್ ತಮ್ಮ ತಂಡದೊಂದಿಗೆ ವೈದ್ಯರ ಒಂದೊಂದು ಕೆಲಸಕ್ಕೆ ಎಷ್ಟು ಸಮಯ, ಎಷ್ಟು ಶ್ರಮ, ಎಷ್ಟು ಒತ್ತಡ ಬೇಕೆಂದು ಅಳೆಯಲು ಕೂತರು. ರೋಗಿಯೊಂದಿಗೆ ಮಾತಾಡಿ ಯೋಚಿಸುವ ಕೆಲಸಕ್ಕೆ ಬೆಲೆ ಕಡಿಮೆ, ಕತ್ತರಿ ಹಿಡಿಯುವ ಕೆಲಸಕ್ಕೆ ಬೆಲೆ ಜಾಸ್ತಿ ಎಂಬ ಅಸಮತೋಲನ ಸರಿಪಡಿಸುವುದೂ ಆ ಅಳತೆಯ ಉದ್ದೇಶವಾಗಿತ್ತು. 1989ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಒಪ್ಪಿತು. 1992ರ ಜನವರಿ 1ರಿಂದ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಅದೇ ಪದ್ಧತಿಯಲ್ಲಿ ಹಣ ಕೊಡತೊಡಗಿತು. ಖಾಸಗಿ ವಿಮಾ ಕಂಪನಿಗಳೂ ತಮ್ಮ ದರ ನಿಗದಿಗೆ ಅದನ್ನೇ ಆಧಾರ ಮಾಡಿಕೊಂಡವು.

ಅಳತೆಗೋಲು ಸಿದ್ಧವಾಯಿತು. ಅದನ್ನು ಹಿಡಿದದ್ದು ಯಾರ ಕೈ? ಹೊಸ ಚಿಕಿತ್ಸೆಗಳಿಗೆ ಅಂಕ ಹಾಕಲು, ಹಳೆಯದನ್ನು ತಿದ್ದಲು 1991ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ‘ರಕ್’ ಎಂಬ ಸಮಿತಿ ರಚಿಸಿತು. ಅದರಲ್ಲಿ ತಜ್ಞ ವಿಭಾಗಗಳ ಪ್ರತಿನಿಧಿಗಳೇ ಬಹುಪಾಲು. ಅಂತಿಮ ತೀರ್ಮಾನ ಸರ್ಕಾರದ್ದೇ ಆದರೂ ಸಮಿತಿಯ ಶಿಫಾರಸುಗಳಲ್ಲಿ ಬಹಳಷ್ಟು ಹಾಗೆಯೇ ಒಪ್ಪಿತವಾಗುತ್ತ ಬಂದಿವೆ.

ಒಂದು ಉದಾಹರಣೆ ಹತ್ತಿರದಿಂದ ನೋಡಬಹುದು. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಇರುವ ಅರವತ್ತೆಂಟರ ಅಜ್ಜಿ ಫ್ಯಾಮಿಲಿ ಡಾಕ್ಟರ ಬಳಿ ಬರುತ್ತಾರೆ. ಅರ್ಧ ಗಂಟೆ ಮಾತು, ಪರೀಕ್ಷೆ, ಔಷಧಿಯ ಹೊಂದಾಣಿಕೆ, ಕಂಪ್ಯೂಟರಿನಲ್ಲಿ ಬರೆಯುವ ಕೆಲಸ. ಬಿಲ್ಲಿನ ಮೇಲೆ 99214 ಎಂಬ ಕೋಡ್ ಬೀಳುತ್ತದೆ. ಅದರ ಅಂಕವನ್ನು 2025ರ ಗುಣಕವಾದ 32.35 ಡಾಲರಿನಿಂದ ಗುಣಿಸಿದರೆ ಮೆಡಿಕೇರ್ ಕೊಡುವುದು ಸುಮಾರು 125 ಡಾಲರ್. ಇದರಲ್ಲೇ ಕ್ಲಿನಿಕ್ಕಿನ ಬಾಡಿಗೆ, ನರ್ಸಿನ ಸಂಬಳ ಹೊರಡಬೇಕು. ಅದೇ ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡರೆ ಸರ್ಜನ್ನರಿಗೆ ಸಿಗುವುದು ಸುಮಾರು 500 ಡಾಲರ್. ಪಳಗಿದ ಕೈಗೆ ಆಪರೇಷನ್ ಇಪ್ಪತ್ತು ನಿಮಿಷದ ಕೆಲಸ. ಮುಂದಿನ 90 ದಿನಗಳ ತಪಾಸಣೆಯೂ ಅದರಲ್ಲೇ ಸೇರಿದೆ ಎಂಬುದನ್ನು ಮರೆಯಬಾರದು, ಆಪರೇಷನ್ ಥಿಯೇಟರಿನ ಶುಲ್ಕ ಬೇರೆ ಎಂಬುದನ್ನೂ ಮರೆಯಬಾರದು.

ಈ ಪಟ್ಟಿಗೆ ಇನ್ನೊಂದು ಬೇಲಿ ಇದೆ. ಒಬ್ಬರ ದರ ಏರಿಸಿದರೆ ಒಟ್ಟು ಖರ್ಚು ಮಿತಿ ಮೀರದಂತೆ ಉಳಿದೆಲ್ಲರ ದರ ಇಳಿಸಬೇಕು. 2024ರ ಜನವರಿಯಿಂದ, ರೋಗಿಯೊಬ್ಬರ ಆರೋಗ್ಯವನ್ನು ವರ್ಷಗಟ್ಟಲೆ ನೋಡಿಕೊಳ್ಳುವ ವೈದ್ಯರಿಗೆ ಜಿ2211 ಎಂಬ ಹೊಸ ಕೋಡಿನಡಿ ಪ್ರತಿ ಭೇಟಿಗೆ ಸುಮಾರು 16 ಡಾಲರ್ ಸೇರಿಸಲಾಯಿತು. ಸರ್ಜನ್ನರ ಸಂಘಗಳು ಅದಕ್ಕೆ ವರ್ಷಗಳಿಂದ ಅಡ್ಡ ನಿಂತಿದ್ದವು. 16 ಡಾಲರಿಗೆ ಇಷ್ಟು ಜಗಳ.

ಮಕ್ಕಳ ವೈದ್ಯರ ಪಾಡು ಇನ್ನೂ ಕಷ್ಟ. ಮಕ್ಕಳಲ್ಲಿ ದೊಡ್ಡ ಪಾಲು ಬಡವರ ವಿಮೆಯಾದ ಮೆಡಿಕೇಡ್ ಆಸರೆಯಲ್ಲಿದೆ. ಮೆಡಿಕೇಡ್ ದರ ಎಷ್ಟೋ ರಾಜ್ಯಗಳಲ್ಲಿ ಮೆಡಿಕೇರ್ ದರಕ್ಕಿಂತ ಬಹಳ ಕೆಳಗೆ. ಹಾಗಾಗಿ ಮಕ್ಕಳ ಎಂಡೋಕ್ರೈನಾಲಜಿಯಂಥ ವಿಭಾಗದಲ್ಲಿ, ಮತ್ತೆ ಮೂರು ವರ್ಷ ಫೆಲೋಶಿಪ್ ಮಾಡಿದವರ ಜೀವಮಾನದ ಗಳಿಕೆ ಸಾಮಾನ್ಯ ಮಕ್ಕಳ ವೈದ್ಯರಿಗಿಂತ ಕಡಿಮೆಯಾಗುತ್ತದೆ. ಹೆಚ್ಚು ಓದಿ ಕಡಿಮೆ ದುಡಿಯುವ ವಿಭಾಗ. 2024ರ ಮ್ಯಾಚ್‌ನಲ್ಲಿ ಪೀಡಿಯಾಟ್ರಿಕ್ಸ್‌ನ ಸುಮಾರು 250 ಸೀಟು ಖಾಲಿ ಬಿದ್ದವು.

ಸುಧಾರಣೆಯನ್ನು ನಂಬಿದವರು

ಮ್ಯಾಚ್ ಎಂದರೆ 1952ರಿಂದ ನಡೆದುಬಂದ ರೆಸಿಡೆನ್ಸಿ ಹಂಚಿಕೆ. ವಿದ್ಯಾರ್ಥಿಗಳು ಆಸ್ಪತ್ರೆಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ, ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು; ಕಂಪ್ಯೂಟರ್ ಜೋಡಿ ಮಾಡುತ್ತದೆ. 1990ರ ದಶಕದ ಕೊನೆಯಲ್ಲಿ ಈ ಜೋಡಣೆಯ ಸೂತ್ರವನ್ನು ಹೊಸದಾಗಿ ರೂಪಿಸಿದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ದೇಶದಾದ್ಯಂತ ಒಂದೇ ಹೊತ್ತಿಗೆ ಲಕೋಟೆ ಒಡೆಯುತ್ತಾರೆ. ಬೆಂಗಳೂರಿನ ಪಿಜಿ ಕೌನ್ಸೆಲಿಂಗ್ ಹೊತ್ತಿನ ‘ಯಾವ ಬ್ರಾಂಚ್ ಸಿಕ್ತು?’ ಎಂಬ ಪ್ರಶ್ನೆಯ ಅಲ್ಲಿನ ರೂಪ ಇದು.

ಈ ಲಕೋಟೆಗಳಲ್ಲಿ ರಾಜಕೀಯವನ್ನೂ ಓದಬಹುದು. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಆರೋಗ್ಯ ಯೋಜನೆ ಮುಂದಿಟ್ಟರು. ಜೊತೆಗೇ ಮ್ಯಾನೇಜ್ಡ್ ಕೇರ್ ಕಂಪನಿಗಳು ಬೆಳೆಯುತ್ತಿದ್ದವು: ಮೊದಲು ಪ್ರೈಮರಿ ಕೇರ್ ವೈದ್ಯರನ್ನು ಕಂಡು, ಅವರು ಚೀಟಿ ಕೊಟ್ಟರೆ ಮಾತ್ರ ತಜ್ಞರ ಬಳಿ ಹೋಗಬೇಕು ಎಂಬ ವ್ಯವಸ್ಥೆ. ಇನ್ನು ಕಾಲ ಪ್ರೈಮರಿ ಕೇರ್‌ನವರದು, ತಜ್ಞರಿಗೆ ಕೆಲಸ ಸಿಗುವುದಿಲ್ಲ ಎಂಬ ಮಾತು ಕಾಲೇಜುಗಳಲ್ಲಿ ಹಬ್ಬಿತು. ಅನೆಸ್ತೀಷಿಯಾ ವೈದ್ಯರು ಮಿತಿ ಮೀರಿದ್ದಾರೆಂಬ ವರದಿ, ಪತ್ರಿಕೆಯ ಮುಖಪುಟದ ಸುದ್ದಿ ಬಂದದ್ದೇ ತಡ, 1996ರ ಹೊತ್ತಿಗೆ ಆ ವಿಭಾಗ ಸೇರುವ ಅಮೆರಿಕನ್ ವಿದ್ಯಾರ್ಥಿಗಳ ಸಂಖ್ಯೆ ಪಾತಾಳಕ್ಕೆ ಇಳಿಯಿತು. ಫ್ಯಾಮಿಲಿ ಮೆಡಿಸಿನ್ 1997ರಲ್ಲಿ ಶಿಖರ ಮುಟ್ಟಿತು.

ಕ್ಲಿಂಟನ್ ಯೋಜನೆ 1994ರಲ್ಲೇ ಬಿದ್ದುಹೋಗಿತ್ತು. ಚೀಟಿ ಪದ್ಧತಿಗೆ ರೋಗಿಗಳೇ ತಿರುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಅನೆಸ್ತೀಷಿಯಾ ವೈದ್ಯರಿಗೆ ಬರ ಬಂದು ಅವರ ಸಂಬಳ ಏರಿತು. ಫ್ಯಾಮಿಲಿ ಮೆಡಿಸಿನ್ ಆರಿಸುವ ಅಮೆರಿಕನ್ ವಿದ್ಯಾರ್ಥಿಗಳ ಸಂಖ್ಯೆ ಹತ್ತು ವರ್ಷದಲ್ಲಿ ಅರ್ಧದಷ್ಟಾಯಿತು. ಸುಧಾರಣೆಯ ಮಾತು ನಂಬಿ ವಿಭಾಗ ಬದಲಿಸಿದವರು ತಮ್ಮ ಉಳಿದ ವೃತ್ತಿಜೀವನವನ್ನು ಹಳೆಯ ದರಪಟ್ಟಿಯ ಕೆಳಗೇ ಕಳೆದರು.

2010ರ ಮಾರ್ಚ್ 23ರಂದು ಒಬಾಮ ಸಹಿ ಹಾಕಿದ ಅಫೋರ್ಡಬಲ್ ಕೇರ್ ಆಕ್ಟ್ ಈ ವಿಷಯದಲ್ಲಿ ಹೆಚ್ಚು ವಿವರವಾಗಿ ಯೋಚಿಸಿತ್ತು. ಮೆಡಿಕೇರ್‌ನಲ್ಲಿ ಪ್ರೈಮರಿ ಕೇರ್‌ಗೆ ಶೇ 10 ಬೋನಸ್ ಕೊಟ್ಟಿತು, 2011ರಿಂದ 2015ರವರೆಗೆ. ಮೆಡಿಕೇಡ್‌ನ ಪ್ರೈಮರಿ ಕೇರ್ ದರವನ್ನು ಮೆಡಿಕೇರ್ ಮಟ್ಟಕ್ಕೆ ಏರಿಸಿತು, 2013 ಮತ್ತು 2014ಕ್ಕೆ ಮಾತ್ರ. ಸಮುದಾಯ ಕ್ಲಿನಿಕ್ಕುಗಳಲ್ಲೇ ರೆಸಿಡೆನ್ಸಿ ನಡೆಸುವ ‘ಟೀಚಿಂಗ್ ಹೆಲ್ತ್ ಸೆಂಟರ್’ಗಳಿಗೆ ಐದು ವರ್ಷಕ್ಕೆ 23 ಕೋಟಿ ಡಾಲರ್ ಇಟ್ಟಿತು, ಆ ಅನುದಾನ ಮುಗಿಯುತ್ತ ಬಂದಾಗಲೆಲ್ಲ ಕಾಂಗ್ರೆಸ್ ಕೆಲವು ವರ್ಷಕ್ಕೋ ಕೆಲವೇ ತಿಂಗಳಿಗೋ ಮುಂದೂಡುತ್ತ ಬಂದಿದೆ. 2010ರಲ್ಲಿ ಮೆಡಿಕಲ್ ಸೇರಿ, 2014ರಲ್ಲಿ ಮುಗಿಸಿ, 2017ರಲ್ಲಿ ರೆಸಿಡೆನ್ಸಿ ಪೂರೈಸಿದ ಫ್ಯಾಮಿಲಿ ವೈದ್ಯೆಯೊಬ್ಬರು ಸ್ವಂತ ರೋಗಿಯನ್ನು ನೋಡುವ ಹೊತ್ತಿಗೆ ಬೋನಸ್ಸೂ ಇರಲಿಲ್ಲ, ಏರಿಸಿದ ದರಕ್ಕೆ ಕೇಂದ್ರದ ಹಣವೂ ಇರಲಿಲ್ಲ. ಸಾಲ ಮಾತ್ರ ಇತ್ತು.

ತಂತ್ರಜ್ಞಾನದ ಭವಿಷ್ಯವಾಣಿಗೂ ಇದೇ ಗತಿ. ಇನ್ನು ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು ಎಂದು 2016ರಲ್ಲಿ ಕೃತಕ ಬುದ್ಧಿಮತ್ತೆಯ ದಿಗ್ಗಜ ಜೆಫ್ರಿ ಹಿಂಟನ್ ಟೊರಾಂಟೊದಲ್ಲಿ ಹೇಳಿದರು. ಇವತ್ತು ಅಮೆರಿಕದ ಆಸ್ಪತ್ರೆಗಳು ರೇಡಿಯಾಲಜಿಸ್ಟರನ್ನು ಹುಡುಕುತ್ತಿವೆ. ಎಮರ್ಜೆನ್ಸಿ ಮೆಡಿಸಿನ್‌ನದು ಉಲ್ಟಾ ದಿಕ್ಕು. ಮೂರ್ನಾಲ್ಕು ವರ್ಷದ ತರಬೇತಿ, ಒಳ್ಳೆಯ ಸಂಬಳ. ಸಾಲಗಾರನಿಗೆ ಹೇಳಿ ಮಾಡಿಸಿದ ವಿಭಾಗ. 2021ರಲ್ಲಿ ಆ ವಿಭಾಗದ ಸಂಘವೇ ಮಾಡಿಸಿದ ಅಧ್ಯಯನ 2030ರ ವೇಳೆಗೆ ಸಾವಿರಾರು ವೈದ್ಯರು ಹೆಚ್ಚಾಗುತ್ತಾರೆ ಎಂದಿತು. ಕೋವಿಡ್ ದಣಿವು ಕಣ್ಣೆದುರೇ ಇತ್ತು, ತುರ್ತು ವಿಭಾಗಗಳ ಗುತ್ತಿಗೆ ಹೂಡಿಕೆ ಕಂಪನಿಗಳ ಕೈ ಸೇರಿತ್ತು. 2023ರ ಮ್ಯಾಚ್‌ನಲ್ಲಿ 550ಕ್ಕೂ ಹೆಚ್ಚು ಸೀಟು ಖಾಲಿ ಉಳಿದವು. ಅದೇ ವರ್ಷದ ಮೇ ತಿಂಗಳಲ್ಲಿ ಇಂಥ ಗುತ್ತಿಗೆಯ ದೊಡ್ಡ ಕಂಪನಿ ಎನ್ವಿಷನ್ ದಿವಾಳಿ ಅರ್ಜಿ ಹಾಕಿತು. ಗಳಿಕೆ ಇದ್ದರೂ ನಾಳೆಯ ಮೇಲೆ ನಂಬಿಕೆ ಇಲ್ಲದಿದ್ದರೆ ವಿದ್ಯಾರ್ಥಿ ಕಾಲು ಹಿಂದೆಗೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಶುಲ್ಕವೇ ಬೇಡವೆಂದರೆ?

2018ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು, ವರ್ಷಕ್ಕೆ 55 ಸಾವಿರ ಡಾಲರಿದ್ದ ಬೋಧನಾ ಶುಲ್ಕವನ್ನು ಎಲ್ಲರಿಗೂ ಮನ್ನಾ ಮಾಡಿತು. 2024ರ ಫೆಬ್ರವರಿಯಲ್ಲಿ ಬ್ರಾಂಕ್ಸ್‌ನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜಿಗೆ, ಅಲ್ಲೇ ಪ್ರಾಧ್ಯಾಪಕಿಯಾಗಿದ್ದ 93ರ ಹರೆಯದ ರುತ್ ಗಾಟ್ಸ್‌ಮನ್ 100 ಕೋಟಿ ಡಾಲರ್ ಕೊಟ್ಟರು. ಇನ್ನು ಶುಲ್ಕವಿಲ್ಲ ಎಂದು ಘೋಷಿಸಿದಾಗ ವಿದ್ಯಾರ್ಥಿಗಳು ಕಿರುಚಿ ಅತ್ತ ವಿಡಿಯೊ ಲೋಕವೆಲ್ಲ ಸುತ್ತಿತು. ಅದೇ ವರ್ಷದ ಜುಲೈನಲ್ಲಿ ಜಾನ್ಸ್ ಹಾಪ್‌ಕಿನ್ಸ್‌ಗೆ ಮೈಕಲ್ ಬ್ಲೂಮ್‌ಬರ್ಗ್ ಅಷ್ಟೇ ಮೊತ್ತ ಕೊಟ್ಟರು.

ದಾನಿಗಳ ಮನಸ್ಸು ದೊಡ್ಡದು. ಆದರೆ ಶುಲ್ಕವಿಲ್ಲದ ಕಾಲೇಜಿಗೆ ಅರ್ಜಿಗಳ ಮಹಾಪೂರ ಬರುತ್ತದೆ, ಅಂಕಗಳ ಪೈಪೋಟಿ ಏರುತ್ತದೆ, ಉಳ್ಳವರ ಮನೆಯ ಚುರುಕು ಮಕ್ಕಳು ಮುಂದಾಗುತ್ತಾರೆ. ನ್ಯೂಯಾರ್ಕಿನ ಪ್ರಯೋಗವನ್ನು ಟೀಕಿಸಿದವರು ತೋರಿಸಿದ್ದೂ ಇದನ್ನೇ. ಸಾಲವಿಲ್ಲದೆ ಹೊರಬಂದವರ ಮುಂದೆಯೂ ಇರುವುದು ಅದೇ ದರಪಟ್ಟಿ. ಫ್ಯಾಮಿಲಿ ಡಾಕ್ಟರುಗಳು ಬೇಕೆಂದರೆ ಅದಕ್ಕೇ ಮೀಸಲಾದ ಕಾಲೇಜು ಕಟ್ಟಬೇಕೆಂದು ಆ ವಿಶ್ವವಿದ್ಯಾಲಯವೇ ಲಾಂಗ್ ಐಲೆಂಡ್‌ನಲ್ಲಿ ಮೂರು ವರ್ಷದ ಉಚಿತ ಕೋರ್ಸೊಂದನ್ನು ಬೇರೆಯಾಗಿ ತೆರೆದಿದೆ.

ಹೋಲಿಕೆಯಲ್ಲಿ ಹೆಚ್ಚು ಬಾಳಿಕೆ ಬಂದದ್ದು ಹಳೆಯದೊಂದು ಯೋಜನೆ. 1970ರ ಕಾನೂನಿನಿಂದ ಹುಟ್ಟಿದ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್, ವೈದ್ಯರಿಲ್ಲದ ಊರಿನಲ್ಲಿ ಎರಡು ವರ್ಷ ದುಡಿಯುವವರ ಸಾಲದಲ್ಲಿ 50 ಸಾವಿರ ಡಾಲರ್ ಅಥವಾ ಹೆಚ್ಚು ತೀರಿಸುತ್ತದೆ. ಕರಾರು ಕೈಯಲ್ಲಿರುತ್ತದೆ, ಹಣ ಮುಂಚೆಯೇ ಬರುತ್ತದೆ. ಮುಂದಿನ ಚುನಾವಣೆಯನ್ನು ಕಾಯಬೇಕಾಗಿಲ್ಲ.

ಖಾಲಿ ಸೀಟು ತುಂಬುವವರು

ಅಮೆರಿಕನ್ ವಿದ್ಯಾರ್ಥಿಗಳು ಬಿಟ್ಟ ಪ್ರೈಮರಿ ಕೇರ್ ಸೀಟುಗಳನ್ನು ಯಾರು ತುಂಬುತ್ತಾರೆ? ಈ ಸಭೆಯಲ್ಲಿ ಕೂತ ಎಷ್ಟೋ ಮಂದಿಗೆ ಉತ್ತರ ಗೊತ್ತು. ಅಮೆರಿಕದ ವೈದ್ಯರಲ್ಲಿ ಸುಮಾರು ಕಾಲು ಭಾಗ ಹೊರದೇಶದಲ್ಲಿ ಓದಿದವರು, ಅವರಲ್ಲಿ ಎಲ್ಲರಿಗಿಂತ ಹೆಚ್ಚು ಭಾರತದವರು. ಮೈಸೂರು, ಮಣಿಪಾಲ, ಬೆಂಗಳೂರು, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು ಹೋದವರಲ್ಲಿ ಹಲವರಿಗೆ ಸಿಕ್ಕದ್ದು ಇಂಟರ್ನಲ್ ಮೆಡಿಸಿನ್. ಡರ್ಮಟಾಲಜಿ, ಆರ್ಥೋ ಬಾಗಿಲು ಅವರಿಗೆ ತೆರೆಯುವುದು ಅಪರೂಪ.

ಜೆ-1 ವೀಸಾದಲ್ಲಿ ಹೋದವರು ತರಬೇತಿಯ ನಂತರ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಅದರಿಂದ ವಿನಾಯಿತಿ ಬೇಕಾದರೆ 1994ರಲ್ಲಿ ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ತಂದ ನಿಯಮವಿದೆ: ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಬೇಕು, ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಮಂದಿ. ಮಧ್ಯ ಅಮೆರಿಕದ ಸಣ್ಣ ಊರುಗಳಲ್ಲಿ ಕನ್ನಡ ಮಾತಾಡುವ ಡಾಕ್ಟರು ಸಿಕ್ಕರೆ ಅವರ ದಾರಿ ಬಹುಶಃ ಇದೇ. ಸ್ವಂತ ಮಕ್ಕಳು ಸಾಲದ, ದರಪಟ್ಟಿಯ ಲೆಕ್ಕ ಹಾಕಿ ಬಿಟ್ಟ ಕೆಲಸವನ್ನು ಅಮೆರಿಕ ಬೇರೆ ದೇಶದ ಖರ್ಚಿನಲ್ಲಿ ಓದಿದವರಿಂದ ಮಾಡಿಸಿಕೊಳ್ಳುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದ ಘೋಷಣೆ ಬಂದಾಗ ಅಲ್ಲಿನ ಗ್ರಾಮೀಣ ಆಸ್ಪತ್ರೆಗಳು ದಿಗಿಲುಬಿದ್ದದ್ದು ಅದಕ್ಕೇ.

2026ರ ತಿರುವು

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನಿನಂತೆ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಮೆಡಿಕಲ್ ವಿದ್ಯಾರ್ಥಿಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್. ಖಾಸಗಿ ಕಾಲೇಜಿನ ನಾಲ್ಕು ವರ್ಷದ ಒಟ್ಟು ಖರ್ಚು ಮೂರೂವರೆ ಲಕ್ಷ ದಾಟುತ್ತದೆ. ಉಳಿದದ್ದನ್ನು ಅಪ್ಪ-ಅಮ್ಮ ಕೊಡಬೇಕು, ಇಲ್ಲವೇ ಖಾಸಗಿ ಬ್ಯಾಂಕು; ಖಾಸಗಿ ಸಾಲಕ್ಕೆ 120 ಕಂತಿನ ಮನ್ನಾ ಅನ್ವಯಿಸುವುದಿಲ್ಲ. ಸಾಲಕ್ಕೆ ಮಿತಿ ಹಾಕಿದರೆ ಕಾಲೇಜುಗಳು ಶುಲ್ಕ ಇಳಿಸುತ್ತವೆ ಎಂಬುದು ಕಾನೂನು ಬರೆದವರ ನಿರೀಕ್ಷೆ. ಅದೇ ಕಾನೂನು ಮೆಡಿಕೇಡ್ ಖರ್ಚನ್ನೂ ಕತ್ತರಿಸುತ್ತದೆ, ಅಂದರೆ ಮಕ್ಕಳ ವೈದ್ಯರ ಆದಾಯದ ಬುಡಕ್ಕೇ ಕೈ ಹಾಕುತ್ತದೆ.

ಇತ್ತ ಮೆಡಿಕೇರ್ 2026ರ ದರಪಟ್ಟಿಯಲ್ಲಿ, ಸಮಯದ ಆಧಾರದ ಮೇಲೆ ನಿಗದಿಯಾಗದ ಆಪರೇಷನ್, ಪರೀಕ್ಷೆ, ಸ್ಕ್ಯಾನ್‌ಗಳ ಶ್ರಮದ ಅಂಕವನ್ನು ಶೇ 2.5ರಷ್ಟು ಇಳಿಸಿದೆ. ಅನುಭವ, ಯಂತ್ರಗಳಿಂದ ಕೆಲಸ ಬೇಗ ಮುಗಿಯುತ್ತಿದೆ, ಅಂಕ ಮಾತ್ರ ಹಳೆಯದೇ ಇದೆ ಎಂಬುದು ಕಾರಣ. ರೋಗಿಯೊಂದಿಗೆ ಕೂತು ಮಾತಾಡುವ ಭೇಟಿಗಳಿಗೆ ಕಡಿತವಿಲ್ಲ. ಶಾವ್ ಬಯಸಿದ ದಿಕ್ಕಿಗೆ ಇದೊಂದು ಸಣ್ಣ ಹೆಜ್ಜೆ. ತಜ್ಞರ ಸಂಘಗಳು ಆಗಲೇ ವಿರೋಧಕ್ಕೆ ನಿಂತಿವೆ.

2026ರಲ್ಲಿ ಮೆಡಿಕಲ್ ಸೇರುವ ವಿದ್ಯಾರ್ಥಿನಿ ಮ್ಯಾಚ್‌ಗೆ ತನ್ನ ಪಟ್ಟಿ ಬರೆದುಕೊಡುವುದು 2030ರಲ್ಲಿ. ಫ್ಯಾಮಿಲಿ ಮೆಡಿಸಿನ್ ಆದರೆ 2033ಕ್ಕೆ, ನ್ಯೂರೋಸರ್ಜರಿ ಆದರೆ 2037ಕ್ಕೆ ಅವಳ ಪೂರ್ಣ ದುಡಿಮೆ ಶುರು. ಅಷ್ಟರಲ್ಲಿ 2028, 2032, 2036ರ ಅಧ್ಯಕ್ಷೀಯ ಚುನಾವಣೆಗಳು ನಡೆದಿರುತ್ತವೆ. ಶೇ 2.5ರ ಕಡಿತ ಅಲ್ಲಿಯವರೆಗೆ ಉಳಿದರೆ, ಇನ್ನಷ್ಟು ಬೆಳೆದರೆ, ಫ್ಯಾಮಿಲಿ ಮೆಡಿಸಿನ್‌ನ ಲೆಕ್ಕ ಬೇರೆಯಾದೀತು. 2013ರ ಮೆಡಿಕೇಡ್ ದರದಂತೆ ಎರಡೇ ವರ್ಷಕ್ಕೆ ಹಿಂದಕ್ಕೆ ಹೋದರೆ, ಅವಳ ಸೀನಿಯರುಗಳು ಮಾಡಿದ ಲೆಕ್ಕವನ್ನೇ ಅವಳೂ ಮಾಡುತ್ತಾಳೆ, ಮತ್ತು ಆ ಊರಿನ ಕ್ಲಿನಿಕ್ಕಿಗೆ ಕರ್ನಾಟಕದಿಂದಲೋ ಮನಿಲಾದಿಂದಲೋ ಲಾಹೋರಿನಿಂದಲೋ ಇನ್ನೊಬ್ಬ ಡಾಕ್ಟರನ್ನು ಕರೆಸಬೇಕಾಗುತ್ತದೆ.